ಗೀಟು, ಸೊನ್ನೆ

"ತಾವು ಲೇಖಕಿ ಎಂದು ಅರ್ಜಿಯಿಂದ ತಿಳಿದುಬರುತ್ತದೆ. ಪ್ರಕಟವಾದ ತಮ್ಮ ಕೃತಿಗಳ ಪಟ್ಟಿಯನ್ನು ಹತ್ತು ಕೆಲಸದ ದಿನಗಳ ಒಳಗೆ ಕಳುಹಿಸತಕ್ಕದ್ದು."

ಸ್ಪೇನ್ ದೇಶದ ವೀಸಾ ಕಚೇರಿಯಿಂದ ಇಂಥದೊಂದು ಇ-ಮೇಲ್ ಬಂದಾಗ ನಾನು ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಡುಬು ತಿನ್ನುತ್ತಿದ್ದೆ. ಮೊದಲು ಗಟ್ಟಿಯಾಗಿ ನಕ್ಕೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಜೀವಮಾನದಲ್ಲಿ ಬರೆದದ್ದೆಂದರೆ ನಾಲ್ಕು ವರ್ಷದ ಚೆಕ್‌ರೋಲ್, ಅಂದರೆ ತೋಟದ ಆಳುಗಳ ಹಾಜರಿ ಪುಸ್ತಕ. ಅದರಲ್ಲಿ ಇರುವುದು ಹೆಸರು, ತಾರೀಖು, ಬಂದವರಿಗೆ ಒಂದು ಗೀಟು, ಬಾರದವರಿಗೆ ಒಂದು ಸೊನ್ನೆ. ಅದನ್ನು ಪ್ರಕಟಿಸುವ ಧೈರ್ಯ ಯಾವ ಪ್ರಕಾಶಕನಿಗಿದೆ?

ಆಮೇಲೆ ನಗು ನಿಂತಿತು. ಆ ನಾಲ್ಕು ವರ್ಷದ ಸಾವಿರಾರು ಗೀಟು ಸೊನ್ನೆಗಳಲ್ಲಿ ಒಂದು ಸೊನ್ನೆ ಸುಳ್ಳು. ಅದನ್ನು ಬಲ್ಲವಳು ನಾನೊಬ್ಬಳೇ. ಕಡುಬನ್ನು ಅಲ್ಲಿಗೇ ಬಿಟ್ಟು ಎದ್ದೆ.

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಒಬ್ಬಳದನ್ನು ಬಿಟ್ಟು. ಅವಳ ಹೆಸರು ಗುಲಾಬಿ.

ವೀಸಾದ ಯೋಚನೆ ಹುಟ್ಟಿದ್ದು ನನ್ನ ಈಗಿನ ಕೆಲಸದಿಂದ. ಜರ್ಮನಿಯ ಒಂದು ಕಂಪನಿಗೆ ನಾನು ಮನೆಯಲ್ಲೇ ಕುಳಿತು ಕೆಲಸ ಮಾಡುತ್ತೇನೆ. ಯುರೋಪಿಗೆ ಹೋಗುವ ಕಾಫಿ ಯಾವ ತಾಕಿನಲ್ಲಿ ಬೆಳೆದದ್ದು, ಆ ತಾಕಿನ ಗಡಿ ಎಲ್ಲಿಂದ ಎಲ್ಲಿಗೆ, ಇತ್ತೀಚೆಗೆ ಅಲ್ಲಿ ಕಾಡು ಕಡಿದಿದ್ದಾರೆಯೇ ಎಂದು ಉಪಗ್ರಹದ ಚಿತ್ರದ ಮೇಲೆ ಗೆರೆ ಎಳೆದು ತಾಳೆ ನೋಡುವ ಕೆಲಸ. ತೋಟದ ದಾಖಲೆ ಓದಲು ಬರುತ್ತದೆಂದೇ ನನ್ನನ್ನು ತೆಗೆದುಕೊಂಡರು. ಹೀಗೆ ದೂರದಿಂದ ದುಡಿಯುವವರಿಗೆ ಕೆಲವು ದೇಶಗಳು ತಮ್ಮಲ್ಲಿ ಬಂದು ಇರಲು ವೀಸಾ ಕೊಡುತ್ತವೆ. ಡಿಜಿಟಲ್ ನೊಮ್ಯಾಡ್ ವೀಸಾ ಎನ್ನುತ್ತಾರೆ. ಯಾಕೆ ಹೋಗುತ್ತೀಯ ಎಂದು ಕೇಳಿದವರಿಗೆಲ್ಲ ನೆಟ್‌ವರ್ಕ್ ಸಮಸ್ಯೆ ಎಂದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟು ನೆಂಟರಂತೆ ಬಂದುಹೋಗುವುದರಿಂದ ಎಲ್ಲರೂ ನಂಬಿದರು. ನಿಜ ಹೇಳುವುದಾದರೆ ನನಗೆ ಗುಡ್ಡ ಕಾಣದ ಊರು ಬೇಕಿತ್ತು. ಎತ್ತ ತಿರುಗಿದರೂ ಕಾಫಿ ಗಿಡ, ಸಿಲ್ವರ್ ಮರ, ಅದರಾಚೆ ಒಂದು ಹಳ್ಳದ ಸದ್ದು. ಇಷ್ಟರಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. ನಕ್ಷೆಯಲ್ಲಿ ಹುಡುಕಿ ವಲೆನ್ಸಿಯಾ ಎಂಬ ಸಮುದ್ರದಂಡೆಯ ಊರನ್ನು ಆರಿಸಿದೆ. ಅಂಗೈಯಷ್ಟು ಸಪಾಟಾಗಿತ್ತು.

ದಾಖಲೆ ಒಟ್ಟು ಮಾಡಲು ನಾಲ್ಕು ತಿಂಗಳು ಹಿಡಿಯಿತು. ಕಂಪನಿಯ ಪತ್ರ, ಸಂಬಳದ ದಾಖಲೆ, ಆರೋಗ್ಯ ವಿಮೆ. ನನ್ನ ಮೇಲೆ ಯಾವ ಕೇಸೂ ಇಲ್ಲವೆಂಬ ಪೊಲೀಸ್ ಸರ್ಟಿಫಿಕೇಟ್. ಅದಕ್ಕೆ ದೆಹಲಿಯಿಂದ ಅಪೊಸ್ಟಿಲ್ ಎಂಬ ಮುದ್ರೆ. ಅದರ ಮೇಲೆ ಎಲ್ಲವನ್ನೂ ಸ್ಪೇನ್ ಸರ್ಕಾರ ಒಪ್ಪಿದ ಭಾಷಾಂತರಕಾರರಿಂದಲೇ ಸ್ಪ್ಯಾನಿಷ್‌ಗೆ ಮಾಡಿಸಬೇಕು. ಪರಿಶೀಲನೆಗೆ ಮನೆಗೆ ಬಂದ ಪೊಲೀಸಿನವರು, "ಕೇಸು ಗೀಸು ಏನೂ ಇಲ್ಲ ಅಲ್ವಾ?" ಎಂದು ಕೇಳಿದಾಗ ನಾನು ಎರಡೆರಡು ಸಲ ಇಲ್ಲ ಎಂದೆ. ಅವರು ಗಮನಿಸಲಿಲ್ಲ.

ತೊಡಕಾದದ್ದು ಓದಿನ ವಿಷಯದಲ್ಲಿ. ಡಿಗ್ರಿ ಇರಬೇಕು, ಇಲ್ಲದಿದ್ದರೆ ಮೂರು ವರ್ಷದ ಅನುಭವ ಇರಬೇಕು. ನಾನು ಡಿಗ್ರಿಯ ಕೊನೆಯ ವರ್ಷ ಕಾಲೇಜು ಬಿಟ್ಟವಳು. ಈಗಿನ ಕೆಲಸಕ್ಕೆ ಎರಡೇ ವರ್ಷ. ಉಳಿದದ್ದು ಮೂಡಿಗೆರೆಯಿಂದಾಚೆ ಒಂದು ಎಸ್ಟೇಟಿನಲ್ಲಿ ಮಾಡಿದ ರೈಟರ್ ಕೆಲಸ ಮಾತ್ರ. ಎಸ್ಟೇಟಿನ ಮ್ಯಾನೇಜರರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ಮಾರನೆಯ ದಿನವೇ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟರು. 'ಇವರು ನಮ್ಮಲ್ಲಿ ನಾಲ್ಕು ವರ್ಷ ರೈಟರ್ ಆಗಿದ್ದರು. ಪ್ರಾಮಾಣಿಕರು' ಎಂದು ಇಂಗ್ಲಿಷಿನಲ್ಲಿತ್ತು. ಆ ಕೊನೆಯ ಪದವನ್ನು ನಾನು ಹೆಬ್ಬೆಟ್ಟಿನಿಂದ ಮುಚ್ಚಿಕೊಂಡೇ ಓದಿದೆ.

ನಮ್ಮ ಕಡೆ ರೈಟರ್ ಎಂದರೆ ಯಾರೆಂದು ಹಸುಗೂಸಿಗೂ ಗೊತ್ತು. ಬೆಳಿಗ್ಗೆ ಹೆಸರು ಕರೆದು ಹಾಜರಿ ಹಾಕುವವರು, ಯಾವ ತಾಕಿಗೆ ಎಷ್ಟು ಆಳು ಎಂದು ಬರೆಯುವವರು. ಮ್ಯಾಡ್ರಿಡ್‌ನಲ್ಲಿ ಕುಳಿತ ಭಾಷಾಂತರಕಾರ್ತಿಗೆ ಅದು ಹೇಗೆ ತಿಳಿಯಬೇಕು? ಅವಳು 'ಎಸ್ಕ್ರಿತೋರಾ' ಎಂದು ಮಾಡಿದಳು. ಹಾಗೆಂದರೆ ಕಥೆ ಕಾದಂಬರಿ ಬರೆಯುವವಳು. ನಾನೂ ಓದಿ ನೋಡದೆ ಅರ್ಜಿಗೆ ಲಗತ್ತಿಸಿದ್ದೆ.

ಕಡುಬು ಬಿಟ್ಟು ಎದ್ದವಳು ನೆಟ್ಟಗೆ ಹೋದದ್ದು ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಗೆ. ಅರ್ಜಿ, ಸ್ಕ್ಯಾನ್, ಪಹಣಿ, ಲ್ಯಾಮಿನೇಷನ್ ಎಲ್ಲವೂ ಅಲ್ಲಿ ಆಗುತ್ತದೆ. ನಡೆಸುವವಳು ಇಪ್ಪತ್ತೆರಡರ ಹುಡುಗಿ. ಕೂದಲನ್ನು ಕತ್ತಿನ ಮೇಲಕ್ಕೆ ಕತ್ತರಿಸಿಕೊಂಡಿದ್ದಾಳೆ. ಮೂಡಿಗೆರೆಯಲ್ಲಿ ಅದೊಂದು ಗುರುತೇ ಆಗಿದೆ. ನನ್ನನ್ನು ಅವಳು ರೈಟ್ರಕ್ಕ ಎನ್ನುತ್ತಾಳೆ, ಅವಳ ಅಮ್ಮ ರೈಟ್ರಮ್ಮ ಎನ್ನುತ್ತಿದ್ದುದರಿಂದ. ಅವಳು ಗುಲಾಬಿಯ ಮಗಳು.

ಊರಲ್ಲಿ ಬೇರೆ ಅಂಗಡಿ ಇಲ್ಲವೆಂದಲ್ಲ. ನೋಯುವ ಹಲ್ಲನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟುವ ಹಾಗೆ ನಾನು ಅಲ್ಲಿಗೇ ಹೋಗುತ್ತಿದ್ದೆ.

ಈ ವೀಸಾದ ವಿಚಾರ ಮೊದಲು ಹೇಳಿದಾಗ ಅವಳು ಕಂಪ್ಯೂಟರಿನಲ್ಲಿ ನೋಡಿ, "ನೊಮ್ಯಾಡ್ ಅಂದ್ರೆ ಅಲೆಮಾರಿ ಅಂತಿದೆ ಅಕ್ಕ. ಅಲೆಯೋಕೂ ಅರ್ಜಿ ಹಾಕ್ಬೇಕಾ ಮಾರಾಯ್ರೆ?" ಎಂದಿದ್ದಳು. ಈಗ ಇ-ಮೇಲ್ ತೋರಿಸಿದೆ. ಅವಳೂ ನಕ್ಕಳು.

"ಚೆಕ್‌ರೋಲಿನ ಒಂದು ಪುಟ ಸ್ಕ್ಯಾನ್ ಮಾಡಿ ಕಳ್ಸಿ ರೈಟ್ರಕ್ಕ. ಇದೇ ನನ್ನ ಕೃತಿ ಅಂತ ಬರೀರಿ. ಮ್ಯಾನೇಜರ್ ಹತ್ರ ಇನ್ನೊಂದು ಲೆಟರ್ ತಗೊಳ್ಳಿ, ರೈಟರ್ ಅಂದ್ರೆ ಎಂತ ಕೆಲಸ ಅಂತ."

ಉಪಾಯ ಸರಿಯಾಗಿತ್ತು. ಮಾರನೆಯ ಬೆಳಿಗ್ಗೆ ಜೀಪು ಹತ್ತಿ ಎಸ್ಟೇಟಿಗೆ ಹೋದೆ.

ಮ್ಯಾನೇಜರರು ಕಾಫಿ ತರಿಸಿದರು. "ಏನ್ ರೈಟ್ರೆ, ದೊಡ್ಡ ಸಾಹಿತಿ ಆಗ್ಬಿಟ್ರಂತಲ್ಲ," ಎಂದು ತಮಾಷೆ ಮಾಡಿದರು. ಪತ್ರ ವಾರದೊಳಗೆ ಕೊಡುತ್ತೇನೆ, ಪುಟ ನೀವೇ ಆರಿಸಿಕೊಳ್ಳಿ, ಹಳೆಯ ಪುಸ್ತಕಗಳೆಲ್ಲ ಆಫೀಸಿನ ಹಿಂದಿನ ಕೋಣೆಯಲ್ಲಿವೆ ಎಂದು ಕೀಲಿಕೈ ಕೊಟ್ಟರು.

ನನ್ನ ಕೈಬರಹದ ನಾಲ್ಕು ಪುಸ್ತಕಗಳು ಒಂದೇ ಕಡೆ ಇದ್ದವು. ಒಂದೊಂದು ತಿಂಗಳಿಗೆ ಒಂದೊಂದು ದೊಡ್ಡ ಹಾಳೆ. ಎಡಗಡೆ ಹೆಸರುಗಳು, ಮೇಲೆ ತಾರೀಖುಗಳು. ಬೇಡ ಬೇಡ ಎಂದುಕೊಳ್ಳುತ್ತಲೇ ಡಿಸೆಂಬರಿನ ಹಾಳೆ ತೆಗೆದೆ. ಗುಲಾಬಿಯ ಸಾಲಿನಲ್ಲಿ ಮೊದಲ ವಾರ ಪೂರ್ತಿ ಗೀಟು. ಆಮೇಲೆ ಒಂದು ಸೊನ್ನೆ. ಅದರಾಚೆ ಖಾಲಿ.

ಒಂಬತ್ತು ವರ್ಷದ ಹಿಂದಿನ ಆ ಬೆಳಿಗ್ಗೆ ಹಣ್ಣು ಕೊಯ್ಯುವ ಕೆಲಸ ಜೋರಾಗಿತ್ತು. ಎಂಟಕ್ಕೆ ಕಣದಲ್ಲಿ ಹೆಸರು ಕರೆದೆ. ದಿನವೂ "ಇದೀನಿ ರೈಟ್ರಮ್ಮ" ಎನ್ನುತ್ತಿದ್ದ ಗುಲಾಬಿಯ ಉತ್ತರ ಬರಲಿಲ್ಲ. ಮೇಸ್ತ್ರಿ ಉಳಿದವರನ್ನು ಕರೆದುಕೊಂಡು ಹಳ್ಳದಾಚೆಯ ತಾಕಿಗೆ ಜೀಪು ರಸ್ತೆಯಲ್ಲಿ ಹೊರಟ. ಅವರು ತಿರುವು ದಾಟಿ ಕಾಣದಾದ ಮೇಲೆ ಗುಲಾಬಿ ಓಡಿ ಬಂದಳು. ಕೈಯಲ್ಲಿ ಬುತ್ತಿ.

"ಮಗಳಿಗೆ ಜಡೆ ಹಾಕೋದ್ರಲ್ಲಿ ತಡ ಆಯ್ತು ರೈಟ್ರಮ್ಮ. ಸ್ಕೂಲಲ್ಲಿ ಎಂತದೋ ಡ್ಯಾನ್ಸ್ ಅಂತೆ. ಹಂಗೆ ಹಾಕು ಹಿಂಗೆ ಹಾಕು ಅಂತ ಒಂದೇ ಹಠ. ಗೀಟು ಹಾಕಿ ಮಾರಾಯ್ರೆ."

ಪಾಕೆಟ್ ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಿದೆ. ಬೆಳಿಗ್ಗೆ ಕಣದಲ್ಲಿ ಪೆನ್ಸಿಲ್, ಮಧ್ಯಾಹ್ನ ಆಫೀಸಿನಲ್ಲಿ ದೊಡ್ಡ ಪುಸ್ತಕಕ್ಕೆ ಶಾಯಿಯಲ್ಲಿ ನಕಲು. ಎಲ್ಲ ಎಸ್ಟೇಟಿನಲ್ಲೂ ಇದೇ ಕ್ರಮ. ಜೀಪು ರಸ್ತೆಯಲ್ಲಿ ಹೋದರೆ ಅವಳಿಗೆ ಅರ್ಧ ಗಂಟೆ ಬೇಕು. ಹಳ್ಳಕ್ಕೆ ಎರಡು ದಿಮ್ಮಿ ಅಡ್ಡ ಹಾಕಿ ಮಾಡಿದ ಸಂಕವಿತ್ತು, ಅದರ ಮೇಲೆ ದಾಟಿದರೆ ಹತ್ತು ನಿಮಿಷ. ಒಂದು ದಿಮ್ಮಿ ಕೊಳೆತು ಕುಂಬಾಗಿದೆ, ಹೊಸದು ಹಾಕುವವರೆಗೆ ಯಾರನ್ನೂ ಸಂಕದ ಮೇಲೆ ಕಳಿಸಬೇಡಿ ಎಂದು ಮ್ಯಾನೇಜರರು ಹದಿನೈದು ದಿನದ ಹಿಂದೆ ನನಗೇ ಹೇಳಿದ್ದರು.

"ಸಂಕದ ಮೇಲೆ ಹೋಗಿ. ಹುಷಾರು," ಎಂದೆ.

ಮಧ್ಯಾಹ್ನ ನೀರಿನ ಪೈಪು ನೋಡಲು ಹೋದವನು ಅವಳನ್ನು ಹಳ್ಳದ ಬಂಡೆಗಳ ನಡುವೆ ಕಂಡ. ಜೀವ ಹೋಗಿ ಬಹಳ ಹೊತ್ತಾಗಿತ್ತು. ಎಲ್ಲರೂ ಅಲ್ಲಿ ಸೇರಿದರು. ಮ್ಯಾನೇಜರರು ಬಿಳಿಚಿಕೊಂಡು, "ಇವತ್ತು ಕೆಲಸಕ್ಕೆ ಬಂದಿರ್ಲಿಲ್ಲ ತಾನೆ ಇವ್ಳು?" ಎಂದು ಕೇಳಿದರು. ಮೇಸ್ತ್ರಿ, "ಹೆಸ್ರು ಕರ್ದಾಗ ಇರ್ಲಿಲ್ಲ ಸಾರ್," ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಪಾಕೆಟ್ ಬುಕ್ ನನ್ನ ಸ್ವೆಟರಿನ ಜೇಬಿನಲ್ಲಿತ್ತು.

"ಇಲ್ಲ ಸಾರ್," ಎಂದೆ.

ಯಾರೂ ನನಗೆ ಹಾಗೆ ಹೇಳು ಎನ್ನಲಿಲ್ಲ. ಹೆದರಿಕೆ ನನ್ನದು, ಮಾತೂ ನನ್ನದು. ಆ ಮಧ್ಯಾಹ್ನ ಆಫೀಸಿನಲ್ಲಿ ಕುಳಿತು ಶಾಯಿಯಲ್ಲಿ ಸೊನ್ನೆ ಬರೆದೆ. ಗೀಟಿಗಿಂತ ಸೊನ್ನೆ ಬರೆಯಲು ಹೊತ್ತು ಹಿಡಿಯುತ್ತದೆಂದು ಆವತ್ತು ತಿಳಿಯಿತು.

ನನ್ನ ಉದ್ಯೋಗ ಉಳಿಸಿಕೊಳ್ಳಲು ಹೇಳಿದ ಸುಳ್ಳು ಅಷ್ಟಕ್ಕೇ ನಿಲ್ಲುತ್ತದೆ ಎಂದುಕೊಂಡಿದ್ದೆ. ಆ ಸಂಕ ತೋಟದ್ದು ಮಾತ್ರವಲ್ಲ, ಆಚೆ ರಸ್ತೆಗೆ ಹೋಗುವ ಊರವರಿಗೂ ಅದೇ ದಾರಿ. ಕೆಲಸಕ್ಕೆಂದು ಬುತ್ತಿ ಕಟ್ಟಿಕೊಂಡು ಹೊರಟವಳು ಕೆಲಸಕ್ಕೆ ಬಂದಿರಲಿಲ್ಲವೆಂದರೆ ಎಲ್ಲಿಗೆ ಹೊರಟಿದ್ದಳು ಎಂಬ ಪ್ರಶ್ನೆ ಹದಿಮೂರು ದಿನ ಕಳೆಯುವ ಮೊದಲೇ ಎದ್ದಿತು. ಗಂಡ ಸತ್ತ ಹೆಂಗಸು ಬೇರೆ. ಆಚೆ ರಸ್ತೆಯಲ್ಲಿ ಓಡಾಡುವ ಒಬ್ಬ ಜೀಪಿನವನ ಹೆಸರನ್ನು ಯಾರೋ ಸೇರಿಸಿದರು. ಕಣದಲ್ಲಿ ಹೆಂಗಸರು ಅದನ್ನು ಪಿಸುಗುಟ್ಟುವಾಗ ನಾನು ಪಕ್ಕದಲ್ಲೇ ನಿಂತು ಹೆಸರು ಕರೆಯುತ್ತಿದ್ದೆ. ಅವಳ ಹೆಸರು ತೆಗೆದುಹಾಕಿದ ಮೇಲೂ ಅದು ಇದ್ದ ಜಾಗಕ್ಕೆ ಬಂದಾಗ ನನ್ನ ದನಿ ನಿಲ್ಲುತ್ತಿತ್ತು. ಆ ಸಣ್ಣ ಖಾಲಿಯಲ್ಲಿ "ಇದೀನಿ ರೈಟ್ರಮ್ಮ" ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಈಗಲೂ ಕೇಳುತ್ತದೆ. ಡಾಕ್ಟರಿಗೆ ತೋರಿಸುವಂಥದ್ದಲ್ಲ ಎಂದು ಸುಮ್ಮನಿದ್ದೇನೆ. ಒಂದೂವರೆ ವರ್ಷ ಹೇಗೋ ತಳ್ಳಿ ಕೆಲಸ ಬಿಟ್ಟೆ. ಆ ತಿಂಗಳ ಪಾಕೆಟ್ ಬುಕ್ ಕಳೆದುಹೋಯಿತೆಂದು ಆಫೀಸಿಗೆ ಹೇಳಿ ಮನೆಗೆ ತಂದಿಟ್ಟುಕೊಂಡೆ. ಸುಡಲು ಆಗಲಿಲ್ಲ, ತೋರಿಸಲೂ ಆಗಲಿಲ್ಲ.

ಡಿಸೆಂಬರಿನ ಹಾಳೆಯನ್ನು ಮುಚ್ಚಿ, ಅದೇ ವರ್ಷದ ಅಕ್ಟೋಬರಿನದನ್ನು ಜೆರಾಕ್ಸ್ ಮಾಡಿಸಿಕೊಂಡು ಹೊರಟೆ. ಇಲ್ಲಿ ನಾನು ರೈಟರುಗಳೇ ಮಾಡುವ ತಪ್ಪು ಮಾಡಿದೆ. ನಾವು ಹಾಳೆಯನ್ನು ಓದುವುದು ಮೇಲಿನಿಂದ ಕೆಳಕ್ಕೆ, ತಾರೀಖಿನ ಪ್ರಕಾರ. ತಾರೀಖು ಬೇರೆಯಾದರೆ ಸಾಕೆಂದು ಬೇರೆ ತಿಂಗಳು ಆರಿಸಿದೆ. ಹೆಸರುಗಳು ಅವೇ ಎಂಬುದು ತಲೆಗೆ ಹೊಳೆಯಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಹುಡುಗಿ ಹಾಳೆಯನ್ನು ಸ್ಕ್ಯಾನರಿನ ಮೇಲೆ ಇಡಲು ಹೋದವಳು ಹಾಗೇ ನಿಂತಳು. ಅವಳು ಓದಿದ್ದು ಎಡದಿಂದ ಬಲಕ್ಕೆ.

"ಅಮ್ಮನ ಹೆಸ್ರು," ಎಂದಳು.

ಬೆರಳಿಟ್ಟು ಆ ಸಾಲಿನ ಗೀಟುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದಳು. ಭಾನುವಾರ ಬಿಟ್ಟು ತಿಂಗಳಿಡೀ ಗೀಟೇ.

"ಒಂದಿನಾನೂ ತಪ್ಸಿಲ್ಲ ನೋಡಿ ಅಕ್ಕ. ಈ ತಿಂಗಳು ಅವ್ಳಿಗೆ ಜ್ವರ ಇತ್ತು, ನಂಗೆ ನೆನಪಿದೆ. ಜ್ವರದಲ್ಲೂ ಹೋಗಿದಾಳೆ."

ಅವಳು ತಲೆಯೆತ್ತದೆ ಕೇಳಿದಳು: "ಡಿಸೆಂಬರ್‌ದೂ ಇರುತ್ತಲ್ವಾ ಅಲ್ಲಿ? ಒಂದು ಕಾಪಿ ತಂದ್ಕೊಡ್ತೀರಾ? ಆ ಸೊನ್ನೆ ನಾನು ಒಂದ್ಸಲ ಕಣ್ಣಾರೆ ನೋಡ್ಬೇಕು."

"ಯಾಕೆ?"

"ಸುಮ್ನೆ. ಎಲ್ರೂ ಹೇಳಿದ್ದು ಕೇಳಿದೀನಿ. ಬರೆದಿದ್ದು ನೋಡಿಲ್ಲ."

ಅದು ಹತ್ತು ದಿನದಲ್ಲಿ ಮೂರನೆಯದು. ಮುಂದಿನ ಮೂರು ದಿನ ನಾನು ಮಾಡಿದ್ದು ನಾಚಿಕೆಯ ಲೆಕ್ಕಾಚಾರ. ಈಗ ಹೇಳಿದರೆ ಮ್ಯಾನೇಜರರಿಗೆ ತಿಳಿಯುತ್ತದೆ, ಎರಡನೆಯ ಪತ್ರ ಬರುವುದಿಲ್ಲ, ಮೊದಲನೆಯದನ್ನೂ ವಾಪಸು ಕೇಳಬಹುದು. ವೀಸಾ ಬಂದ ಮೇಲೆ ಹೇಳೋಣ. ವಿಮಾನ ಹತ್ತಿದ ಮೇಲೆ ಅಂಚೆಯಲ್ಲಿ ಕಳಿಸೋಣ. ಅಲ್ಲಿ ನೆಲೆಯಾದ ಮೇಲೆ ಉದ್ದದ ಪತ್ರ ಬರೆಯೋಣ. ಎಲ್ಲವೂ ಬುದ್ಧಿವಂತಿಕೆಯ ಮಾತೇ. ಅದರ ಜೊತೆಗೆ ಕಂಪನಿಯ ಕೆಲಸವೂ ನಡೆಯಬೇಕಿತ್ತು. ಮೂರನೆಯ ದಿನ ಪರದೆಯ ಮೇಲೆ ಬಂದ ತಾಕು ನಮ್ಮ ಎಸ್ಟೇಟಿನ ಪಕ್ಕದ್ದು. ಉಪಗ್ರಹದ ಚಿತ್ರದಲ್ಲಿ ಹಳ್ಳ ಮರಗಳಡಿ ಮುಚ್ಚಿಹೋಗಿತ್ತು, ಸಂಕವಂತೂ ಕಾಣುವ ಮಾತೇ ಇಲ್ಲ. ಆದರೂ ಮೌಸಿನ ಬಾಣದ ಗುರುತು ತಾನಾಗಿ ಆ ಜಾಗಕ್ಕೆ ಹೋಗಿ ನಿಂತಿತು. ವಲೆನ್ಸಿಯಾಕ್ಕೆ ಹೋದರೂ ನಾನು ದಿನವೂ ನೋಡುವುದು ಈ ಗುಡ್ಡಗಳನ್ನೇ, ಅದೂ ಆಕಾಶದಿಂದ, ಯಾವ ಮೂಲೆಯೂ ತಪ್ಪದ ಹಾಗೆ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಹೊಳೆಯದ ಈ ಸಂಗತಿ ಈಗ ಹೊಳೆಯಿತು. ಹೋಗುವುದರಿಂದ ಏನೂ ಆಗುವುದಿಲ್ಲ ಎಂದು ಅರ್ಥವಾಯಿತು.

ಪೆಟ್ಟಿಗೆಯಿಂದ ಪಾಕೆಟ್ ಬುಕ್ ತೆಗೆದುಕೊಂಡು ಅಂಗಡಿಗೆ ಹೋದೆ. ಊಟದ ಹೊತ್ತು, ಅವಳೊಬ್ಬಳೇ ಇದ್ದಳು. ಪುಟ ತೆರೆದು ಕೌಂಟರಿನ ಮೇಲೆ ಇಟ್ಟೆ. ಅವಳು ತಾರೀಖು ನೋಡಿದಳು, ಹೆಸರು ನೋಡಿದಳು.

"ಇದು ಗೀಟಲ್ವಾ?"

"ಗೀಟೇ."

"ಅಂದ್ರೆ ಬಂದಿದ್ಲು."

"ಬಂದಿದ್ರು. ಎಲ್ರೂ ಹೋದ್ಮೇಲೆ ಬಂದ್ರು, ನಾನೊಬ್ಳೇ ನೋಡಿದ್ದು. ಸಂಕ ಸರಿ ಇಲ್ಲ ಅಂತ ಗೊತ್ತಿದ್ದೂ ಅದ್ರ ಮೇಲೆ ಹೋಗಿ ಅಂತ ಕಳ್ಸಿದ್ದು ನಾನು. ಆಮೇಲೆ ಹೆದ್ರಿ ಸೊನ್ನೆ ಹಾಕ್ದೆ. ಯಾರೂ ಹೇಳ್ಕೊಟ್ಟಿದ್ದಲ್ಲ."

ಅವಳು ಬಯ್ಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅಷ್ಟರಲ್ಲಿ ಒಬ್ಬರು ಆಧಾರ್ ಪ್ರಿಂಟ್ ಕೇಳಿಕೊಂಡು ಬಂದರು. ಅವಳು ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ, ಅಂಚು ಕತ್ತರಿಸಿ ಕೊಟ್ಟಳು. ಅಂಚು ಎಂದಿನಂತೆ ನೇರವಾಗಿಯೇ ಇತ್ತು. ಅವರು ಹೋದ ಮೇಲೆ ನನ್ನ ಕಡೆ ತಿರುಗದೆ ಹೇಳಿದಳು:

"ನಮ್ಮಜ್ಜಿ ಅಮ್ಮನ ಫೋಟೊ ಗೋಡೆಗೆ ಹಾಕೋಕೆ ಬಿಟ್ಟಿಲ್ಲ. ಸೊಸೆ ಮನೆ ಮರ್ಯಾದೆ ತೆಗೆದ್ಲು ಅಂತ. ಒಂಬತ್ತು ವರ್ಷ ಆಯ್ತು, ಫೋಟೊ ಅಕ್ಕಿ ಡಬ್ಬದ ಹಿಂದೆ ಇದೆ. ನೀವು ವಾರಕ್ಕೆ ಎರಡ್ಸಲ ಇಲ್ಲಿಗೆ ಬರ್ತಿದ್ರಿ."

"ಹೌದು."

"ಈ ಬುಕ್ ಇಲ್ಲೇ ಇರ್ಲಿ."

"ಇರ್ಲಿ. ನಿಂದೇ ಅದು."

"ವೀಸಾಕ್ಕೆ ಯಾವ ಪುಟ ಕಳಿಸ್ತೀರಿ?"

ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. "ಈ ಪುಟಾನೇ," ಎಂದೆ.

ಅವಳು ಸ್ಕ್ಯಾನ್ ಮಾಡಿಕೊಟ್ಟಳು. ಪೆನ್ಸಿಲ್ ಗೀಟು ಮಸುಕಾಗಿದ್ದರಿಂದ ಎರಡು ಮೂರು ಸಲ ಕಪ್ಪು ಹೆಚ್ಚಿಸಿ, ಚೆನ್ನಾಗಿ ಮೂಡುವವರೆಗೆ ಬಿಡಲಿಲ್ಲ. ತಡ ಯಾಕಾಯಿತೆಂದು ಅವಳು ಕೇಳಲಿಲ್ಲ. ಜಡೆಯ ಮಾತನ್ನು ನಾನಾಗಿ ಹೇಳಲೂ ಇಲ್ಲ. ಅದನ್ನು ಹೇಳಿದರೆ ನನ್ನ ಹೊರೆಯನ್ನು ಅವಳ ತಲೆಗೆ ಹೊರಿಸಿದಂತೆ ಎಂದು ಅನ್ನಿಸಿತು. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ಇರಬಹುದು.

ಮಾರನೆಯ ದಿನ ಮ್ಯಾನೇಜರರ ಎದುರು ಕುಳಿತು ಅದನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಕೇಳ್ದಾಗ ಇಲ್ಲ ಅಂದ್ರಲ್ರೀ ನೀವು."

"ಹೌದು ಸಾರ್."

"ಅವತ್ತಿಂದ ಇವತ್ತಿನವರೆಗೆ ನಾನು ನಿದ್ದೆ ಮಾಡಿದೀನಿ, ಗೊತ್ತಾ? ನಮ್ಮ ಆಳಲ್ಲ ಆವತ್ತು, ನಮ್ಮ ಕೆಲ್ಸದಲ್ಲಿ ಆಗಿದ್ದಲ್ಲ ಅಂತ. ಸಂಕ ರಿಪೇರಿ ಮಾಡ್ಸೋಕೆ ಹದಿನೈದು ದಿನ ತಳ್ಳಿದ್ದು ನಾನೇ."

ಚೆಕ್‌ರೋಲ್ ತಿದ್ದಲು ಅವಕಾಶವಿದೆಯೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ವರ್ಷ ಮುಗಿದು ಸಹಿಯಾದ ಪುಸ್ತಕವನ್ನು ಮತ್ತೆ ಮುಟ್ಟುವ ಹಾಗಿಲ್ಲ, ರೈಟರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ ಎಂದರು. ಬರೆದುಕೊಟ್ಟೆ. ಅದನ್ನು ಮಾಲೀಕರ ಮುಂದೆ, ಬೇಕಾದರೆ ವಕೀಲರ ಮುಂದೆ ಇಡುತ್ತೇನೆ, ಆ ಹುಡುಗಿಯನ್ನು ನಾನೇ ಹೋಗಿ ನೋಡುತ್ತೇನೆ ಎಂದರು.

"ಲೆಟರ್ ಕೊಡ್ತೀನಿ," ಎಂದರು ಕೊನೆಗೆ. "ಆದ್ರೆ ಹಿಂದಿನ ಲೆಟರಿನ ಕೊನೇ ಪದ ಇರಲ್ಲ."

ಪತ್ರ ಎರಡೇ ಸಾಲಿನದಾಗಿತ್ತು. ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ದಿನದ ಹಾಜರಿ ಬರೆಯುವವರು. ಇವರು ಆ ಕೆಲಸವನ್ನು ನಾಲ್ಕು ವರ್ಷ ಮಾಡಿದ್ದಾರೆ. ಇಂಥ ಒಣ ಪತ್ರದ ಮೇಲೆ ವೀಸಾ ಬರುವ ಆಸೆ ನನಗಿರಲಿಲ್ಲ. ಮೊದಲಿನ ಪತ್ರ ಆಗಲೇ ಫೈಲಿನಲ್ಲಿತ್ತು. ಅದನ್ನು ಹಿಂದಕ್ಕೆ ಪಡೆಯುತ್ತೇನೆ, ಇದನ್ನೇ ಪರಿಗಣಿಸಿ ಎಂದು ಒಂದು ಟಿಪ್ಪಣಿ ಬರೆದೆ. ನಾಲ್ಕು ತಿಂಗಳ ಓಡಾಟವನ್ನು ನಾನೇ ಕೈಯಾರೆ ಹೊಳೆಗೆ ಹಾಕುತ್ತಿದ್ದೇನೆ ಎನ್ನಿಸಿತು.

ಮ್ಯಾಡ್ರಿಡ್‌ನ ಭಾಷಾಂತರಕಾರ್ತಿ ತನ್ನ ತಪ್ಪಿಗೆ ಕ್ಷಮೆ ಕೇಳಿ ಪಾಕೆಟ್ ಬುಕ್ಕಿನ ಪುಟವನ್ನು ಒಂದೇ ದಿನದಲ್ಲಿ ಮಾಡಿಕೊಟ್ಟಳು. ಕನ್ನಡದ ಹೆಸರುಗಳನ್ನೆಲ್ಲ ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ್ದೆ. ಗೀಟು ಎಂದರೇನು, ಸೊನ್ನೆ ಎಂದರೇನು ಎಂದು ಕೇಳಿದಳು, ಹೇಳಿದೆ. ಬಂದ ಹಾಳೆಯಲ್ಲಿ ನಲವತ್ತೊಂದು ಹೆಸರು, ಪ್ರತಿ ಹೆಸರಿನ ಎದುರು ಒಂದು ಪದ, ಕೆಳಗೆ ಅವಳ ದುಂಡು ಮುದ್ರೆ. ಗುಲಾಬಿಯ ಎದುರು 'ಪ್ರೆಸೆಂತೆ' ಎಂದಿತ್ತು. ಹಾಜರ್. ಅವಳು ಆವತ್ತು ಕೆಲಸಕ್ಕೆ ಬಂದಿದ್ದಳೆಂದು ಮುದ್ರೆ ಒತ್ತಿ ಹೇಳಿದ ಮೊದಲ ಕಾಗದ ಅದು, ಅವಳು ಹೆಸರೂ ಕೇಳಿರದ ದೇಶದ ಭಾಷೆಯಲ್ಲಿ. ಪ್ರಿಂಟ್ ತೆಗೆಯುವಾಗ ಹುಡುಗಿ ಒಂದು ಹೆಚ್ಚಿನ ಪ್ರತಿ ತೆಗೆದು ಕೌಂಟರಿನ ಡ್ರಾಯರಿನಲ್ಲಿ ಇಟ್ಟುಕೊಂಡಳು. ಹತ್ತನೆಯ ದಿನ ಎಲ್ಲವನ್ನೂ ಕಳಿಸಿದೆವು. ನಾನು ಹೊರಡುವಾಗ ಅವಳು, "ಆಯ್ತು," ಎಂದಳಷ್ಟೆ. ರೈಟ್ರಕ್ಕ ಎನ್ನಲಿಲ್ಲ.

ಮೂರು ವಾರದ ಮೇಲೆ ವೀಸಾ ಬಂತು. ಯಾಕೆ ಬಂತೆಂದು ನನಗೆ ಇವತ್ತಿಗೂ ತಿಳಿಯದು. ಸಂತೋಷಪಡಲು ನೋಡಿದೆ. ಆಗಲಿಲ್ಲ.

ವಲೆನ್ಸಿಯಾದಲ್ಲಿ ನೆಲೆಯಾಗುವುದೂ ಕಾಗದದ ಕೆಲಸವೇ. ಬಂದ ಒಂದು ತಿಂಗಳೊಳಗೆ ಬೆರಳಚ್ಚು ಕೊಟ್ಟು ಗುರುತಿನ ಕಾರ್ಡು ಕೇಳಬೇಕು. ನಗರಸಭೆಗೆ ಹೋಗಿ ನಾನು ಈ ವಿಳಾಸದಲ್ಲಿ ಇದ್ದೇನೆ ಎಂದು ಹೆಸರು ಬರೆಸಬೇಕು. ಊರಿನ ಪ್ರತಿಯೊಬ್ಬರ ಹೆಸರೂ ಆ ಪುಸ್ತಕದಲ್ಲಿ ಇರುತ್ತದಂತೆ. ಕೌಂಟರಿನ ಹಿಂದಿದ್ದ ಹೆಂಗಸು ನನ್ನ ಹೆಸರನ್ನು ತಪ್ಪಾಗಿ ಕರೆದಳು. ನಾನು ಎದ್ದುನಿಂತು ಬಾಯಿ ತೆರೆಯುವ ಮೊದಲೇ ಪಕ್ಕದಿಂದ "ಇದೀನಿ ರೈಟ್ರಮ್ಮ" ಎಂದು ಕೇಳಿಸಿತು. ಅದೂ ನನ್ನ ಜೊತೆಗೇ ವೀಸಾ ಇಲ್ಲದೆ ಬಂದಿದೆ. ಗುಡ್ಡವೇ ಇಲ್ಲದ ಈ ಊರಿನಲ್ಲಿ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಕಳಸ, ಸಂಸೆ, ವಸ್ತಾರೆ ಕಡೆಯ ತಾಕುಗಳು ಹಸಿರಾಗಿ ಎದುರು ನಿಲ್ಲುತ್ತವೆ. ಕಿಟಕಿಯಾಚೆ ಟ್ರಾಮ್ ಹೋಗುತ್ತದೆ. ನಾನು ಗಡಿಯ ಗೆರೆ ಎಳೆಯುತ್ತಾ ಕೂರುತ್ತೇನೆ. ಹಳ್ಳ ಬಂದ ಕಡೆಯೆಲ್ಲ ಕೈ ನಿಧಾನವಾಗುತ್ತದೆ.

ಐದು ತಿಂಗಳು ಗುಲಾಬಿಯ ಮಗಳಿಂದ ಒಂದು ಮಾತೂ ಇರಲಿಲ್ಲ. ಹೋದ ವಾರ, ನಾನು ಮಾರ್ಕೆಟಿನಿಂದ ತರಕಾರಿ ಹೊತ್ತು ಬರುತ್ತಿದ್ದಾಗ ಮೆಸೇಜು ಬಂತು. ಒಂದು ಫೋಟೊ: ಸುಣ್ಣದ ಗೋಡೆ, ಮೊಳೆ, ಗಾಜಿನ ಫ್ರೇಮಿನಲ್ಲಿ ಗುಲಾಬಿ. ಫ್ರೇಮಿನ ಮೂಲೆಗೆ ದುಂಡು ಮುದ್ರೆಯ ಒಂದು ಕಾಗದವನ್ನು ಮಡಚಿ ಸಿಕ್ಕಿಸಿದ್ದಳು. ಮೆಸೇಜಿನ ಕೊನೆಗೆ ಒಂದು ಪ್ರಶ್ನೆ.

"ಅವತ್ತು ಅಮ್ಮ ಯಾಕೆ ತಡ ಮಾಡಿದ್ಲು? ನಿಮ್ಗೆ ಏನಾದ್ರೂ ಹೇಳಿದ್ಲಾ?"

ರಸ್ತೆ ಬದಿಯ ಬೆಂಚಿನ ಮೇಲೆ ಕುಳಿತೆ. 'ಏನೂ ಹೇಳಲಿಲ್ಲ' ಎಂದು ಟೈಪ್ ಮಾಡಿದೆ. ಯಾರಿಗೂ ನೋವಾಗದ, ಯಾರೂ ಪರೀಕ್ಷಿಸಲಾಗದ ಉತ್ತರ. ಅದನ್ನು ನೋಡುತ್ತಾ ಕುಳಿತಿದ್ದಂತೆ ಶಾಯಿಯ ಇನ್ನೊಂದು ಸೊನ್ನೆ ನನ್ನ ಕೈಯಿಂದ ದುಂಡಗಾಗುತ್ತಿರುವುದು ಕಂಡಿತು. ಅಳಿಸಿದೆ. ಅಕ್ಷರದಲ್ಲಿ ಬರೆಯಲು ಧೈರ್ಯ ಸಾಲದೆ, ಬಾಯಲ್ಲೇ ಹೇಳಿ ಕಳಿಸಿದೆ: "ನಿಂಗೆ ಜಡೆ ಹಾಕೋದ್ರಲ್ಲಿ ತಡ ಆಯ್ತು ಅಂದ್ರು. ಸ್ಕೂಲಲ್ಲಿ ಡ್ಯಾನ್ಸ್ ಇತ್ತಂತೆ. ಬಯ್ಕೊಂಡು ಹೇಳ್ಲಿಲ್ಲ, ನಗ್ತಾ ಹೇಳಿದ್ರು."

ಅವಳು ಕೇಳಿಸಿಕೊಂಡಳೆಂದು ಫೋನಿನ ನೀಲಿ ಗುರುತಿನಿಂದ ತಿಳಿಯಿತು. ಮನೆ ತಲುಪಿ ತರಕಾರಿ ಇಳಿಸುವಾಗ ಉತ್ತರ ಬಂತು.

"ಗೊತ್ತು. ಎರಡು ಜಡೆ, ಕೆಂಪು ಟೇಪು. ನೀವು ನಿಜ ಹೇಳ್ತೀರಾ ಅಂತ ನೋಡ್ದೆ. ಜಡೆ ಮುಗ್ಸಿ ಅಮ್ಮ ಓಡ್ಕೊಂಡು ಹೋದ್ಲು. ಕೆಲ್ಸಕ್ಕಲ್ದೆ ಬೇರೆಲ್ಲಿಗಾದ್ರೂ ಯಾರಾದ್ರೂ ಹಂಗೆ ಓಡ್ತಾರಾ ಅಂತ ನಾನು ಅವತ್ತೇ ಎಲ್ರಿಗೂ ಹೇಳಿದ್ದೆ."

ಹದಿಮೂರು ವರ್ಷದ ಹುಡುಗಿ ಮನೆಮನೆಗೆ ಹೇಳಿದ ಆ ಮಾತನ್ನು ಯಾರೂ ನಂಬಲಿಲ್ಲ, ಯಾಕೆಂದರೆ ಪುಸ್ತಕದಲ್ಲಿ ನಾನು ಸೊನ್ನೆ ಬರೆದಿದ್ದೆ.